ಶ್ವೇತಭವನದ ಎದುರುಮನೆಯ ವಕೀಲ

1948ರ ಮೇ 12ರ ಸಂಜೆ ನಾಲ್ಕು ಗಂಟೆಗೆ ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ತನ್ನ ಕಚೇರಿಯಲ್ಲಿ ಸಭೆ ಕರೆದಿದ್ದ. ಪ್ಯಾಲೆಸ್ಟೈನಿನಲ್ಲಿ ಬ್ರಿಟಿಷರ ಆಡಳಿತ ಮುಗಿಯಲು ಎರಡೇ ದಿನ ಬಾಕಿ. ಅಲ್ಲಿ ಘೋಷಣೆಯಾಗಲಿರುವ ಯೆಹೂದಿ ರಾಷ್ಟ್ರಕ್ಕೆ ಅಮೆರಿಕ ಕೂಡಲೇ ಮಾನ್ಯತೆ ಕೊಡಬೇಕೇ ಎಂಬುದು ಚರ್ಚೆ. ಬೇಡ ಎನ್ನುವ ಕಡೆ ವಿದೇಶಾಂಗ ಕಾರ್ಯದರ್ಶಿ ಜಾರ್ಜ್ ಮಾರ್ಷಲ್ ಕೂತಿದ್ದ. ಎರಡನೇ ಮಹಾಯುದ್ಧದುದ್ದಕ್ಕೂ ಅಮೆರಿಕದ ಭೂಸೇನೆಯ ಮುಖ್ಯಸ್ಥನಾಗಿದ್ದವನು. ಅವನೆಂದರೆ ಟ್ರೂಮನ್‌ಗೂ ಅಂಜಿಕೆ ಬೆರೆತ ಗೌರವ. ಬೇಕು ಎನ್ನುವ ಕಡೆ ವಾದಿಸಿದವನು ನಲವತ್ತೊಂದು ವರ್ಷದ ವಕೀಲ, ಕ್ಲಾರ್ಕ್ ಕ್ಲಿಫರ್ಡ್. ಯಾವ ಚುನಾವಣೆಗೂ ನಿಂತವನಲ್ಲ, ರಾಜತಂತ್ರದ ಅನುಭವವಿಲ್ಲ. ನಾಲ್ಕು ವರ್ಷ ಹಿಂದೆ ವಾಷಿಂಗ್ಟನ್ನಿನಲ್ಲಿ ಅವನ ಹೆಸರು ಕೇಳಿದವರೇ ಇರಲಿಲ್ಲ.

ಕ್ಲಿಫರ್ಡ್ ವಾದ ಮುಗಿಸುವ ಹೊತ್ತಿಗೆ ಮಾರ್ಷಲ್ ಕೆಂಡವಾಗಿದ್ದ. ಇದು ವಿದೇಶ ನೀತಿಯ ಮಾತು, ದೇಶದೊಳಗಿನ ರಾಜಕೀಯ ನೋಡಿಕೊಳ್ಳುವ ಈತನಿಗೆ ಇಲ್ಲೇನು ಕೆಲಸ ಎಂದು ನೇರವಾಗಿಯೇ ಕೇಳಿದ. ನಾನು ಕರೆದೆ, ಬಂದಿದ್ದಾನೆ ಎಂದ ಟ್ರೂಮನ್. ಈ ವಕೀಲನ ಸಲಹೆಯಂತೆ ನಡೆದರೆ, ಬರುವ ಚುನಾವಣೆಯಲ್ಲಿ ತಾನು ಮತ ಹಾಕುವುದೇ ಆದಲ್ಲಿ ಅಧ್ಯಕ್ಷರ ವಿರುದ್ಧ ಹಾಕುತ್ತೇನೆ ಎಂದುಬಿಟ್ಟ ಮಾರ್ಷಲ್. ಆ ಮಾತು ಸಭೆಯ ದಾಖಲೆಗೂ ಹೋಗುವಂತೆ ನೋಡಿಕೊಂಡ. ಸಭೆ ಅಲ್ಲಿಗೇ ಮುರಿದುಬಿತ್ತು.

ಆದರೆ ಮೇ 14ರ ಸಂಜೆ ಆರು ಗಂಟೆ ಹನ್ನೊಂದು ನಿಮಿಷಕ್ಕೆ, ಅಂದರೆ ಬ್ರಿಟಿಷ್ ಆಡಳಿತ ಕೊನೆಗೊಂಡ ಹನ್ನೊಂದೇ ನಿಮಿಷದಲ್ಲಿ, ಅಮೆರಿಕ ಮಾನ್ಯತೆ ಪ್ರಕಟಿಸಿತು. ಎಷ್ಟು ಅವಸರವೆಂದರೆ ಟೈಪಾದ ಕಾಗದದಲ್ಲಿ ‘ಯೆಹೂದಿ ರಾಷ್ಟ್ರ’ ಎಂದಿದ್ದದ್ದನ್ನು ಹೊಡೆದುಹಾಕಿ ಮೇಲೆ ‘ಇಸ್ರೇಲ್ ರಾಷ್ಟ್ರ’ ಎಂದು ಕೈಯಲ್ಲಿ ಬರೆಯಬೇಕಾಯಿತು. ಮಾರ್ಷಲ್ ಬಹಿರಂಗವಾಗಿ ವಿರೋಧಿಸಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಆದರೆ ಆಮೇಲೆ ತನ್ನೊಡನೆ ಒಂದು ಮಾತನ್ನೂ ಆಡಲಿಲ್ಲ ಎಂದು ಕ್ಲಿಫರ್ಡ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಮುಂದಿನ ನಲವತ್ತು ವರ್ಷಗಳಲ್ಲಿ ನಾಲ್ವರು ಡೆಮಾಕ್ರಟಿಕ್ ಅಧ್ಯಕ್ಷರು ಕಷ್ಟ ಬಂದಾಗಲೆಲ್ಲ ಕ್ಲಿಫರ್ಡ್‌ಗೆ ಹೇಳಿಕಳಿಸಿದರು. ಅಂಥ ಮನುಷ್ಯ ಎಂಬತ್ತೈದನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನ ಪೊಲೀಸರೆದುರು ಬೆರಳಚ್ಚು ಒತ್ತಿದ. ಈ ಎರಡರ ನಡುವೆ ನಡೆದದ್ದು ಒಬ್ಬನ ಏಳುಬೀಳಿನ ಕತೆಯಷ್ಟೇ ಅಲ್ಲ. ವಾಷಿಂಗ್ಟನ್ನಿನಲ್ಲಿ ಅಧಿಕಾರ ಎಲ್ಲಿರುತ್ತದೆ, ಯಾರ ಮಾತಿಗೆ ಎಷ್ಟು ಬೆಲೆ, ಆ ಬೆಲೆಯನ್ನು ಯಾರು ಯಾವಾಗ ತೆರುತ್ತಾರೆ ಎಂಬುದೂ ಅದರಲ್ಲಿದೆ.

ಇಸ್ಪೀಟು, ಕರಡು, ಹೆಸರು

ಕ್ಲಿಫರ್ಡ್ ಹುಟ್ಟಿದ್ದು 1906ರ ಕ್ರಿಸ್‌ಮಸ್ ದಿನ, ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್‌ನಲ್ಲಿ. ಬೆಳೆದದ್ದು ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ. ತಂದೆ ರೈಲ್ವೆ ಕಂಪನಿಯ ಉದ್ಯೋಗಿ. 1928ರಲ್ಲಿ ಕಾನೂನು ಪದವಿ ಪಡೆದು ಅದೇ ಊರಿನ ಕೋರ್ಟುಗಳಲ್ಲಿ ಹೆಸರು ಮಾಡಿದ. ಆರಡಿ ಮೀರಿದ ನಿಲುವು, ಅಲೆಅಲೆಯ ಕೂದಲು, ಒಂದೊಂದು ಪದವನ್ನೂ ತೂಗಿ ಇಡುವ ನಿಧಾನದ ಮಾತು. ಜ್ಯೂರಿ ಮುಂದೆ ನಿಲ್ಲುವವನಿಗೆ ಇದಕ್ಕಿಂತ ಬೇರೆ ಬಂಡವಾಳ ಬೇಡ.

1944ರಲ್ಲಿ ನೌಕಾಪಡೆ ಸೇರಿದ. ಮರುವರ್ಷ ಟ್ರೂಮನ್ ಅಧ್ಯಕ್ಷನಾದಾಗ ಅವನ ನೌಕಾ ಸಹಾಯಕನಾಗಿ ನೇಮಕಗೊಂಡವನು ಸೇಂಟ್ ಲೂಯಿಸ್‌ನ ಹಳೆಯ ಪರಿಚಯದ ಜೇಮ್ಸ್ ವರ್ಡಮನ್. ಅಧ್ಯಕ್ಷರ ಜತೆ ಪಾಟ್ಸ್‌ಡ್ಯಾಮ್ ಸಮ್ಮೇಳನಕ್ಕೆ ಹೊರಟ ವರ್ಡಮನ್ ತಾನಿಲ್ಲದಾಗ ಕುರ್ಚಿ ನೋಡಿಕೊಳ್ಳಲು ಕ್ಲಿಫರ್ಡ್‌ನನ್ನು ಕರೆಸಿಕೊಂಡ. ಕೆಲವೇ ವಾರಗಳ ಕೆಲಸವೆಂದು ಶ್ವೇತಭವನಕ್ಕೆ ಬಂದವನು ಮರಳಿ ಹೋಗಲೇ ಇಲ್ಲ. ಅಧ್ಯಕ್ಷರ ವಿಹಾರನೌಕೆಯಲ್ಲಿ ವಾರಾಂತ್ಯದ ಇಸ್ಪೀಟಾಟ ಏರ್ಪಡಿಸುವುದು ಮೊದಲು ಅವನ ಕೆಲಸವಾಗಿತ್ತು. ಟ್ರೂಮನ್‌ಗೆ ಪೋಕರ್ ಎಂದರೆ ಪ್ರಾಣ. ಆಡುವ ಮೇಜಿನ ಸುತ್ತ ಮಂತ್ರಿಗಳಿದ್ದರು, ನ್ಯಾಯಾಧೀಶರಿದ್ದರು. ಎಲೆ ಹಂಚುತ್ತ ಹಂಚುತ್ತ ಅಧ್ಯಕ್ಷನ ಮನಸ್ಸು ಯಾವ ಕಡೆ ವಾಲುತ್ತದೆಂದು ತಿಳಿದುಕೊಂಡ ಕ್ಲಿಫರ್ಡ್, 1946ರಲ್ಲಿ ಅಧ್ಯಕ್ಷರ ವಿಶೇಷ ಕಾನೂನು ಸಲಹೆಗಾರನಾದ.

ಅವನ ನಿಜವಾದ ಕೆಲಸ ಕರಡು ಬರೆಯುವುದು. ಆ ವರ್ಷದ ರೈಲ್ವೆ ಮುಷ್ಕರದ ಸಮಯದಲ್ಲಿ ಟ್ರೂಮನ್ ಕಾರ್ಮಿಕ ನಾಯಕರ ಮೇಲೆ ರೋಷ ಕಾರಿ ಸ್ವಂತ ಕೈಯಲ್ಲಿ ಬರೆದ ಭಾಷಣವನ್ನು ತಿದ್ದಿ ಹೇಳುವಂತೆ ಮಾಡಿದವನು ಅವನೇ. ಆ ಸೆಪ್ಟೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಬಗ್ಗೆ ಒಂದು ದೀರ್ಘ ವರದಿ ಸಿದ್ಧವಾಯಿತು. ಮಾಸ್ಕೋದೊಡನೆ ರಾಜಿಯ ಕಾಲ ಮುಗಿಯಿತು, ಅದನ್ನು ತಡೆದು ನಿಲ್ಲಿಸುವುದೊಂದೇ ದಾರಿ ಎಂಬುದು ಅದರ ಸಾರ. ಓದಿದ ಟ್ರೂಮನ್, ಇದು ಹೊರಗೆ ಬಿದ್ದರೆ ಅನಾಹುತವೆಂದು ಎಲ್ಲ ಪ್ರತಿಗಳನ್ನೂ ತರಿಸಿ ಬೀಗ ಹಾಕಿಟ್ಟ. ಇಪ್ಪತ್ತೆರಡು ವರ್ಷ ಅದು ಕತ್ತಲಲ್ಲೇ ಇತ್ತು. ಮುಂದೆ ಗ್ರೀಸ್ ಮತ್ತು ಟರ್ಕಿಗೆ ನೆರವು ಕೊಡುವ 1947ರ ಘೋಷಣೆಗೂ, ಸಿಐಎ ಮತ್ತು ರಾಷ್ಟ್ರೀಯ ಭದ್ರತಾ ಮಂಡಳಿಯನ್ನು ಹುಟ್ಟುಹಾಕಿದ ಅದೇ ವರ್ಷದ ಕಾಯ್ದೆಗೂ ಕ್ಲಿಫರ್ಡ್‌ನ ಕೈ ಸೋಕಿತ್ತು.

ಬರೆದದ್ದೆಲ್ಲ ಅವನದೇ ಎನ್ನುವಂತಿಲ್ಲ. ಸೋವಿಯತ್ ವರದಿಯ ಬಹುಪಾಲು ಬರೆದವನು ಅವನ ಕೈಕೆಳಗಿನ ಜಾರ್ಜ್ ಎಲ್ಸಿ. 1948ರ ಚುನಾವಣೆಯ ಮಾರ್ಗಸೂಚಿಯೆಂದು ಪ್ರಸಿದ್ಧವಾದ 43 ಪುಟಗಳ ಟಿಪ್ಪಣಿಯನ್ನು ಬರೆದವನು ರೂಸ್‌ವೆಲ್ಟ್ ಕಾಲದ ಜೇಮ್ಸ್ ರೋ. ರೋನ ಪಾಲುದಾರ ವಕೀಲನನ್ನು ಕಂಡರೆ ಟ್ರೂಮನ್‌ಗೆ ಆಗದು. ರೋನ ಹೆಸರಿನಲ್ಲಿ ಹೋದರೆ ಓದದೆ ಪಕ್ಕಕ್ಕಿಡುತ್ತಾನೆಂದು ಕ್ಲಿಫರ್ಡ್ ಅಲ್ಲಲ್ಲಿ ತಿದ್ದಿ ತನ್ನ ಹೆಸರಲ್ಲೇ ಒಪ್ಪಿಸಿದ. ಮಾಜಿ ಉಪಾಧ್ಯಕ್ಷ ಹೆನ್ರಿ ವ್ಯಾಲೇಸ್ ಪಕ್ಷ ಬಿಟ್ಟು ನಿಲ್ಲುತ್ತಾನೆ ಎಂಬ ಅದರ ಊಹೆ ನಿಜವಾಯಿತು. ದಕ್ಷಿಣದ ರಾಜ್ಯಗಳು ಪಕ್ಷದ ಕೈಬಿಡುವುದಿಲ್ಲ ಎಂಬ ಊಹೆ ಸುಳ್ಳಾಯಿತು. ಪತ್ರಿಕೆಗಳ ಪಂಡಿತರೆಲ್ಲ ಸೋಲುತ್ತಾನೆಂದು ಬರೆದಿದ್ದ ಟ್ರೂಮನ್ ಗೆದ್ದ. ಕೀರ್ತಿ ಕ್ಲಿಫರ್ಡ್‌ಗೆ ಬಂತು. ರೋನ ಪಾತ್ರ ಜನರಿಗೆ ತಿಳಿಯಲು ಬಹಳ ವರ್ಷಗಳು ಹಿಡಿದವು.

ಕೀರ್ತಿಯ ಜತೆಗೆ ಕಳಂಕವೂ ಇದೇ ಕಾಲದ್ದು. 1947ರ ಮಾರ್ಚಿನಲ್ಲಿ ಟ್ರೂಮನ್ ಸರ್ಕಾರಿ ನೌಕರರ ದೇಶನಿಷ್ಠೆಯನ್ನು ತನಿಖೆ ಮಾಡುವ ಆದೇಶ ಹೊರಡಿಸಿದ. ಆರೋಪ ಮಾಡಿದವರು ಯಾರೆಂದೂ ತಿಳಿಯದೆ ಅನೇಕರು ಕೆಲಸ ಕಳೆದುಕೊಂಡರು. ಮುಂದೆ ಸೆನೆಟರ್ ಮೆಕಾರ್ಥಿ ನಡೆಸಿದ ಕಮ್ಯುನಿಸ್ಟರ ಬೇಟೆಗೆ ಅದು ಹಾದಿ ಹಾಕಿಕೊಟ್ಟಿತು. ಅಂಥ ಅಪಾಯವೇನೂ ಇದೆಯೆಂದು ತಾವು ನಂಬಿರಲಿಲ್ಲ, ಅದು ಚುನಾವಣೆ ಎದುರಿಗಿದ್ದಾಗ ಹುಟ್ಟಿದ ರಾಜಕೀಯ ಸಮಸ್ಯೆಯಾಗಿತ್ತು ಎಂದು ದಶಕಗಳ ನಂತರ ಕ್ಲಿಫರ್ಡ್ ಹೇಳಿದ. ಗೊತ್ತಿದ್ದೂ ಸುಮ್ಮನಿದ್ದ ಮೊದಲ ದೊಡ್ಡ ಪ್ರಸಂಗವದು.

ಅದೇ ಮೇಜಿನಿಂದ ಹೊರಟ ಒಳ್ಳೆಯ ಕೆಲಸವೊಂದು ಭಾರತವನ್ನೂ ಮುಟ್ಟಿತು. ವಿದೇಶಾಂಗ ಇಲಾಖೆಯ ಕಿರಿಯ ಅಧಿಕಾರಿಯೊಬ್ಬ ಹಿಂದುಳಿದ ದೇಶಗಳಿಗೆ ತಾಂತ್ರಿಕ ನೆರವು ಕೊಡಬೇಕೆಂಬ ವಿಚಾರ ತಂದಾಗ ಮೇಲಿನವರು ಒಪ್ಪಲಿಲ್ಲ. ಕ್ಲಿಫರ್ಡ್ ಮತ್ತು ಎಲ್ಸಿ ಅದನ್ನು 1949ರ ಜನವರಿ 20ರ ಪ್ರಮಾಣವಚನ ಭಾಷಣದ ನಾಲ್ಕನೆಯ ಅಂಶವಾಗಿ ಸೇರಿಸಿದರು. ‘ಪಾಯಿಂಟ್ ಫೋರ್’ ಎಂದು ಹೆಸರಾದ ಆ ಯೋಜನೆಯ ಹಣ, 1952ರ ಅಕ್ಟೋಬರ್ 2ರಂದು ನಮ್ಮಲ್ಲಿ ಶುರುವಾದ ಸಮುದಾಯ ಅಭಿವೃದ್ಧಿ ಕಾರ್ಯಕ್ರಮಕ್ಕೂ ಹರಿದುಬಂತು.

‘ನನಗೆ ಪ್ರಭಾವವೇ ಇಲ್ಲ’

1950ರ ಆರಂಭದಲ್ಲಿ ಕ್ಲಿಫರ್ಡ್ ಸರ್ಕಾರಿ ಕೆಲಸ ಬಿಟ್ಟು ಸ್ವಂತ ವಕೀಲಿ ಕಚೇರಿ ತೆರೆದ. ಕನೆಕ್ಟಿಕಟ್ ಅವೆನ್ಯೂದಲ್ಲಿದ್ದ ಅವನ ಕೋಣೆಯ ಕಿಟಕಿಯಿಂದ ನೋಡಿದರೆ ಶ್ವೇತಭವನ ಕಾಣುತ್ತಿತ್ತು. ಬಂದ ಕಕ್ಷಿದಾರರಿಗೆಲ್ಲ ಮೊದಲು ಒಂದು ಪಾಠ ಒಪ್ಪಿಸುತ್ತಿದ್ದ: ನನಗೆ ಯಾವ ಪ್ರಭಾವವೂ ಇಲ್ಲ, ಅಧ್ಯಕ್ಷರ ಹತ್ತಿರ ನಿಮ್ಮ ಪರವಾಗಿ ಮಾತಾಡುವುದಿಲ್ಲ, ಅದು ಬೇಕಿದ್ದರೆ ಬೇರೆಯವರನ್ನು ನೋಡಿಕೊಳ್ಳಿ, ಸರ್ಕಾರ ಹೇಗೆ ನಡೆಯುತ್ತದೆಂಬ ತಿಳಿವಳಿಕೆ ಮಾತ್ರ ನನ್ನಲ್ಲಿದೆ. ಎರಡೂ ಕೈಗಳ ಬೆರಳ ತುದಿಗಳನ್ನು ಜೋಡಿಸಿ, ಸ್ವರ ತಗ್ಗಿಸಿ ಅವನು ಇದನ್ನು ಹೇಳುತ್ತಿದ್ದರೆ ಎದುರಿಗಿದ್ದವರ ಕಣ್ಣು ಕಿಟಕಿಯ ಕಡೆಗೇ ಹೋಗುತ್ತಿತ್ತು. ಹೌದು, ಇವನೇ ಸರಿಯಾದ ಮನುಷ್ಯ ಎಂದುಕೊಂಡು ಅವರು ವಕಾಲತ್ತಿಗೆ ಸಹಿ ಹಾಕುತ್ತಿದ್ದರು.

ತೈಲ ಕಂಪನಿಗಳು, ಹೊವಾರ್ಡ್ ಹ್ಯೂಸ್, ಜನರಲ್ ಎಲೆಕ್ಟ್ರಿಕ್, ಡೂಪಾಂಟ್ ಎಲ್ಲರೂ ಬಂದರು. ಜನರಲ್ ಮೋಟರ್ಸ್‌ನಲ್ಲಿದ್ದ ತನ್ನ ಆರು ಕೋಟಿಗೂ ಮೀರಿದ ಷೇರುಗಳನ್ನು ಡೂಪಾಂಟ್ ಬಿಟ್ಟುಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದಾಗ ಷೇರುದಾರರ ಮೇಲೆ ಭಾರೀ ತೆರಿಗೆ ಬೀಳುವುದಿತ್ತು. ಆ ಹೊರೆ ತಗ್ಗಿಸುವ ಕಾನೂನು 1962ರಲ್ಲಿ ಜಾರಿಗೆ ಬಂತು; ಅದರ ಹಿಂದೆ ದುಡಿದವನು ಕ್ಲಿಫರ್ಡ್. ವಾಷಿಂಗ್ಟನ್ನಿನಲ್ಲಿ ಅವನ ಬಗ್ಗೆ ಓಡಾಡುತ್ತಿದ್ದ ಕತೆಯೊಂದಿದೆ. ಹೊಸ ಮಸೂದೆಯೊಂದು ಬಂದಿದೆ, ಏನು ಮಾಡಲಿ ಎಂದು ಕಂಪನಿಯೊಂದರ ವಕೀಲ ಪತ್ರ ಬರೆದನಂತೆ. ‘ಏನೂ ಮಾಡಬೇಡಿ’ ಎಂಬ ಉತ್ತರದ ಜತೆ ದೊಡ್ಡ ಮೊತ್ತದ ಬಿಲ್ಲು ಬಂತು. ಏನೂ ಮಾಡಬಾರದೇಕೆ ಎಂದು ಕೇಳಿದ್ದಕ್ಕೆ ‘ನಾನು ಹೇಳಿದೆನಲ್ಲ, ಅದಕ್ಕೆ’ ಎಂಬ ಉತ್ತರ, ಜತೆಗೆ ಇನ್ನೊಂದು ಬಿಲ್ಲು. ನಡೆದದ್ದೋ ಕಟ್ಟಿದ್ದೋ, ಊರು ಅದನ್ನು ನಂಬಿತ್ತು.

ಜಾನ್ ಕೆನಡಿಗೆ ಅವನು ಒದಗಿಬಂದದ್ದು 1957ರಲ್ಲಿ. ಪುಲಿಟ್ಜರ್ ಪಡೆದ ಕೆನಡಿಯ ಪುಸ್ತಕವನ್ನು ಬೇರೆಯವರು ಬರೆದುಕೊಟ್ಟದ್ದೆಂದು ಅಂಕಣಕಾರ ಡ್ರೂ ಪಿಯರ್‌ಸನ್ ಎಬಿಸಿ ಟೀವಿಯಲ್ಲಿ ಹೇಳಿಬಿಟ್ಟ. ಕ್ಲಿಫರ್ಡ್ ಆ ಸಂಸ್ಥೆಯವರನ್ನು ಕಂಡು, ಮಾತು ಹಿಂದಕ್ಕೆ ತೆಗೆದುಕೊಂಡೆವೆಂಬ ಹೇಳಿಕೆ ಓದಿಸಿದ. ಅರ್ಧ ಶತಮಾನದ ನಂತರ ಕೆನಡಿಯ ಸಹಾಯಕ ಟೆಡ್ ಸೊರೆನ್ಸೆನ್, ಬಹುತೇಕ ಅಧ್ಯಾಯಗಳ ಮೊದಲ ಕರಡು ತನ್ನದೇ ಎಂದು ಬರೆದ. ವಕೀಲ ಗೆದ್ದಿದ್ದ, ಸತ್ಯ ಆಮೇಲೆ ನಿಧಾನವಾಗಿ ಬಂತು.

1960ರಲ್ಲಿ ಗೆದ್ದ ಕೆನಡಿಗೆ ಅಧಿಕಾರ ವಹಿಸಿಕೊಳ್ಳುವ ದಾರಿ ತೋರಿಸಿದವನೂ ಕ್ಲಿಫರ್ಡ್. ಬದಲಿಗೆ ಯಾವ ಹುದ್ದೆಯನ್ನೂ ಕೇಳಲಿಲ್ಲ. ಒಂದು ಡಾಲರ್ ನೋಟಿನ ಹಿಂಬದಿಯಲ್ಲಿ ತನ್ನ ವಕೀಲಿ ಕಚೇರಿಯ ಜಾಹೀರಾತು ಹಾಕಿಸಿದರೆ ಸಾಕು ಎಂದಿದ್ದಾನೆ ಎಂದು ಕೆನಡಿ ಎಲ್ಲರೆದುರು ನಗೆಯಾಡಿದ. ಕ್ಯೂಬಾದ ಮೇಲಿನ ಬೇ ಆಫ್ ಪಿಗ್ಸ್ ದಾಳಿ ಮುಗ್ಗರಿಸಿದ ಮೇಲೆ ಬೇಹುಗಾರಿಕೆಯ ಮೇಲೆ ಕಣ್ಣಿಡುವ ಸಲಹಾ ಮಂಡಳಿಗೆ ಸೇರಿದ. 1963ರಲ್ಲಿ ಅದರ ಅಧ್ಯಕ್ಷನಾದ. ಲಿಂಡನ್ ಜಾನ್ಸನ್ ಕಾಲ ಬಂದಾಗಲೂ ರಾತ್ರಿ ಹೊತ್ತಿನ ಫೋನು ಅವನಿಗೇ ಬರುತ್ತಿತ್ತು. 1964ರ ಚುನಾವಣೆಗೆ ಕೆಲವೇ ವಾರಗಳಿದ್ದಾಗ ಜಾನ್ಸನ್‌ನ ಅತ್ಯಂತ ಆಪ್ತ ಸಹಾಯಕ ಬಂಧನಕ್ಕೊಳಗಾದ ಸುದ್ದಿ ಹಬ್ಬತೊಡಗಿತು. ಅದನ್ನು ಅಚ್ಚು ಮಾಡಬೇಡಿರೆಂದು ಪತ್ರಿಕಾ ಕಚೇರಿಗಳ ಮೆಟ್ಟಿಲು ಹತ್ತಿದವರು ಅಧ್ಯಕ್ಷರ ಇನ್ನೊಬ್ಬ ಆಪ್ತ ವಕೀಲ ಏಬ್ ಫೋರ್ಟಾಸ್ ಮತ್ತು ಕ್ಲಿಫರ್ಡ್. ಆ ಸಲ ಮಾತ್ರ ಸುದ್ದಿ ನಿಲ್ಲಲಿಲ್ಲ.

ಪೆಂಟಗನ್ನಿನಲ್ಲಿ ಪಾಟೀಸವಾಲು

ವಿಯೆಟ್ನಾಂ ವಿಷಯದಲ್ಲಿ ಕ್ಲಿಫರ್ಡ್‌ನ ನಡೆ ನೇರವಾಗಿರಲಿಲ್ಲ. 1965ರ ಮೇ ತಿಂಗಳಲ್ಲಿ ಜಾನ್ಸನ್‌ಗೆ ಬರೆದ ಕಾಗದದಲ್ಲಿ, ಭೂಸೇನೆ ಕಳಿಸಿದರೆ ಹೊರಬರಲಾಗದ ಕೆಸರಿಗೆ ಇಳಿದಂತೆ ಎಂದಿದ್ದ. ಜುಲೈನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಇನ್ನೂ ಬಿಚ್ಚಿ ಹೇಳಿದ: ಐವತ್ತು ಸಾವಿರ ಜನರನ್ನು ಕಳೆದುಕೊಂಡೇವು, ಇದು ನಮ್ಮನ್ನು ಹಾಳುಮಾಡುತ್ತದೆ. ಆ ಯುದ್ಧದಲ್ಲಿ ಕೊನೆಗೆ ಸತ್ತ ಅಮೆರಿಕನ್ನರು 58,000ಕ್ಕೂ ಹೆಚ್ಚು. ಆದರೆ ಜಾನ್ಸನ್ ಯುದ್ಧದ ದಾರಿ ಹಿಡಿದದ್ದೇ ತಡ, ಕ್ಲಿಫರ್ಡ್ ಆ ದಾರಿಗೇ ವಕೀಲನಾದ. ಬಾಂಬು ಸುರಿಯುವುದನ್ನು ಕೆಲ ದಿನ ನಿಲ್ಲಿಸಿ ನೋಡೋಣ ಎಂದವರನ್ನು ವಿರೋಧಿಸಿದ. ಕಕ್ಷಿದಾರ ತೀರ್ಮಾನಿಸಿದ ಮೇಲೆ ವಕೀಲನಿಗೆ ಸ್ವಂತ ಅಭಿಪ್ರಾಯವಿಲ್ಲ ಎಂಬಂತೆ ನಡೆದುಕೊಂಡ.

1967ರ ಬೇಸಿಗೆಯಲ್ಲಿ ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ಜತೆ ಏಷ್ಯಾ ಮತ್ತು ಪೆಸಿಫಿಕ್ ಪ್ರದೇಶದ ಮಿತ್ರ ದೇಶಗಳಿಗೆ ಹೋದ. ಇನ್ನಷ್ಟು ಸೈನಿಕರನ್ನು ಕೊಡಿ ಎಂದು ಕೇಳುವುದು ಉದ್ದೇಶ. ವಿಯೆಟ್ನಾಂ ಕಮ್ಯುನಿಸ್ಟರ ಪಾಲಾದರೆ ಮುಂದಿನ ಸರದಿ ನಿಮ್ಮದೇ ಎಂದು ವಾಷಿಂಗ್ಟನ್ ಯಾರಿಗೆ ಹೇಳುತ್ತಿತ್ತೋ ಆ ದೇಶಗಳೇ ಮೀನಮೇಷ ಎಣಿಸಿದವು. ಪಕ್ಕದ ಮನೆಯವರಿಗಿಲ್ಲದ ಭಯ ಹತ್ತು ಸಾವಿರ ಮೈಲಿ ದೂರದ ನಮಗೇಕೆ ಎಂಬ ಸಂಶಯ ಅಲ್ಲಿಂದಲೇ ಮೊಳೆಯಿತೆಂದು ಮುಂದೆ ಬರೆದ.

ರಾಬರ್ಟ್ ಮೆಕ್ನಮಾರಾ ರಕ್ಷಣಾ ಕಾರ್ಯದರ್ಶಿ ಸ್ಥಾನದಿಂದ ಇಳಿಯುವುದು ಗೊತ್ತಾದಾಗ ಜಾನ್ಸನ್ ನಂಬಿಕಸ್ತ ಯುದ್ಧವಾದಿಯನ್ನು ಹುಡುಕಿ ಕ್ಲಿಫರ್ಡ್‌ನನ್ನು ನೇಮಿಸಿದ. 1968ರ ಜನವರಿ 30ರಂದು ಸೆನೆಟ್ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೇ ಚಾಂದ್ರಮಾನ ಹೊಸವರ್ಷದ ‘ಟೆಟ್’ ಹಬ್ಬದ ಮರೆಯಲ್ಲಿ ವಿಯೆಟ್‌ಕಾಂಗ್ ಮತ್ತು ಉತ್ತರ ವಿಯೆಟ್ನಾಂ ಪಡೆಗಳು ದಕ್ಷಿಣದ ನೂರಕ್ಕೂ ಹೆಚ್ಚು ಪಟ್ಟಣಗಳ ಮೇಲೆ ಒಟ್ಟಿಗೆ ಎರಗಿದವು. ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಆವರಣಕ್ಕೂ ನುಗ್ಗಿದವು. ಗೆಲುವು ಹತ್ತಿರವಾಗಿದೆ ಎಂದು ಕೆಲವೇ ತಿಂಗಳ ಹಿಂದೆ ಹೇಳಿದ್ದ ಸೇನೆ ಈಗ 2,06,000 ಸೈನಿಕರನ್ನು ಹೆಚ್ಚುವರಿಯಾಗಿ ಕೇಳಿತು. ಆಗಲೇ ಅಲ್ಲಿ ಸುಮಾರು ಐದು ಲಕ್ಷ ಅಮೆರಿಕನ್ನರಿದ್ದರು.

ಮಾರ್ಚ್ 1ರಂದು ಅಧಿಕಾರ ವಹಿಸಿಕೊಂಡ ಕ್ಲಿಫರ್ಡ್‌ಗೆ ಜಾನ್ಸನ್ ವಹಿಸಿದ್ದು ಅಷ್ಟು ಸೈನಿಕರನ್ನು ಹೇಗೆ ಒದಗಿಸುವುದೆಂದು ನೋಡುವ ಕೆಲಸ. ಕ್ಲಿಫರ್ಡ್ ಅದಕ್ಕೂ ಹಿಂದಕ್ಕೆ ಹೋದ. ಅಷ್ಟು ಜನ ಬೇಕೇ ಎಂದು ಕೇಳತೊಡಗಿದ. ಸೇನಾ ಮುಖ್ಯಸ್ಥರನ್ನು ಕೂರಿಸಿಕೊಂಡು ದಿನಗಟ್ಟಲೆ ನಡೆಸಿದ್ದು ಅಪ್ಪಟ ಪಾಟೀಸವಾಲು. ಎರಡು ಲಕ್ಷ ಜನ ಸಾಕಾಗುತ್ತಾರೆಯೇ? ಹೇಳಲಾಗದು. ಇನ್ನೆಷ್ಟು ಬೇಕಾದೀತು, ಯಾವಾಗ? ಗೊತ್ತಿಲ್ಲ. ನಾವು ಹೆಚ್ಚು ಕಳಿಸಿದರೆ ಶತ್ರುವೂ ಅಷ್ಟೇ ಕಳಿಸಬಲ್ಲನೇ? ಕಳಿಸಬಲ್ಲ. ಬಾಂಬು ದಾಳಿಯಿಂದ ಯುದ್ಧ ನಿಲ್ಲುತ್ತದೆಯೇ? ಅದೊಂದರಿಂದಲೇ ನಿಲ್ಲದು. ಗೆಲ್ಲುವ ಯೋಜನೆ ಏನು? ಶತ್ರು ಸುಸ್ತಾಗುವವರೆಗೆ ಒತ್ತಡ ಹೇರುತ್ತಾ ಹೋಗುವುದು. ಸುಸ್ತಾಗಿರುವ ಲಕ್ಷಣವಿದೆಯೇ? ಇಲ್ಲ. ಸೇಂಟ್ ಲೂಯಿಸ್‌ನ ಕೋರ್ಟಿನಲ್ಲಿ ಇಂಥ ಉತ್ತರಗಳ ಸಾಕ್ಷಿ ಸಿಕ್ಕಿದ್ದರೆ ವಕೀಲನಿಗೆ ಮೊಕದ್ದಮೆ ಅರ್ಧ ಗೆದ್ದಂತೆ. ಯುದ್ಧಕ್ಕೆ ಸೇನಾ ಪರಿಹಾರವಿಲ್ಲ ಎಂಬ ತೀರ್ಮಾನಕ್ಕೆ ಕ್ಲಿಫರ್ಡ್ ಬಂದ.

ಮುಂದಿನದು ತನ್ನ ಕಕ್ಷಿದಾರನನ್ನೇ ಒಪ್ಪಿಸುವ ಕೆಲಸ. ಮಾರ್ಚ್ ಕೊನೆಯ ವಾರ ಮಾಜಿ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಮುಂತಾದ ಹಿರಿಯರ ಸಭೆ ಸೇರುವಂತೆ ಮಾಡಿದ. ಹಿಂದಿನ ನವೆಂಬರಿನಲ್ಲಿ ಯುದ್ಧ ಮುಂದುವರಿಸಿ ಎಂದಿದ್ದ ಅದೇ ಹಿರಿಯರಲ್ಲಿ ಬಹುಪಾಲು ಜನ ಈಗ ಹೊರಬರುವ ದಾರಿ ನೋಡಿ ಎಂದರು. ಜಾನ್ಸನ್ ದಂಗಾದ. ಮಾರ್ಚ್ 28ರಂದು ಅಧ್ಯಕ್ಷರ ಭಾಷಣದ ಕರಡು ನೋಡಲು ಕೂತಾಗ, ವಿಯೆಟ್ನಾಂ ಯುದ್ಧದ ಬಗ್ಗೆ ಮಾತಾಡುತ್ತೇನೆ ಎಂದು ಶುರುವಾಗುತ್ತಿದ್ದ ಬರಹ ವಿಯೆಟ್ನಾಂ ಶಾಂತಿಯ ಬಗ್ಗೆ ಮಾತಾಡುತ್ತೇನೆ ಎಂದು ತಿರುಗಿತು. 31ರ ರಾತ್ರಿ ಜಾನ್ಸನ್ ಅದನ್ನೇ ಓದಿದ. ಉತ್ತರದ ಬಹುಭಾಗದ ಮೇಲೆ ಬಾಂಬು ದಾಳಿ ನಿಲ್ಲಿಸಿದ. ಕೊನೆಯಲ್ಲಿ, ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವುದಿಲ್ಲ ಎಂದೂ ಸೇರಿಸಿದ. ಕೇಳಿದ 2,06,000 ಸೈನಿಕರು ಹೋಗಲಿಲ್ಲ.

ಯುದ್ಧ ಆಗಲೇ ಮುಗಿಯಲಿಲ್ಲ. ನವೆಂಬರಿನ ಚುನಾವಣೆಯ ಮುನ್ನಾದಿನಗಳಲ್ಲಿ, ಶಾಂತಿ ಮಾತುಕತೆಗೆ ಹೋಗಬೇಡಿರೆಂದು ರಿಪಬ್ಲಿಕನ್ ಅಭ್ಯರ್ಥಿ ರಿಚರ್ಡ್ ನಿಕ್ಸನ್ ಪಾಳೆಯದಿಂದ ಸೈಗಾನಿಗೆ ಸಂದೇಶ ಹೋಗುತ್ತಿರುವುದು ಜಾನ್ಸನ್‌ಗೆ ಬೇಹುಗಾರರಿಂದ ತಿಳಿಯಿತು. ಬಯಲು ಮಾಡಬೇಕೇ? ಕ್ಲಿಫರ್ಡ್ ಬೇಡವೆಂದ. ವಿಷಯ ಎಷ್ಟು ಆಘಾತಕರವೆಂದರೆ, ಹೊರಗೆಡವಿದ ಮೇಲೂ ನಿಕ್ಸನ್ ಗೆದ್ದರೆ ದೇಶಕ್ಕೆ ಒಳ್ಳೆಯದಾಗದು ಎಂಬುದು ಅವನ ವಾದ. ಮತದಾರರಿಗೆ ಏನೂ ತಿಳಿಯಲಿಲ್ಲ. ಸಂಸ್ಥೆಗಳ ಮಾನ ಕಾಯುವ ಕಾಳಜಿಯೋ, ಒಳಗಿನವರ ಗುಟ್ಟು ಒಳಗೇ ಇರಲಿ ಎಂಬ ಹಳೆಯ ಅಭ್ಯಾಸವೋ, ಇತಿಹಾಸಕಾರರು ಇನ್ನೂ ವಾದಿಸುತ್ತಿದ್ದಾರೆ.

ದೆಹಲಿಯಲ್ಲೊಂದು ಹೇಳಿಕೆ, ಲಕ್ನೋದ ಕಡೆಯ ಬ್ಯಾಂಕರ್

ಜಿಮ್ಮಿ ಕಾರ್ಟರ್ ಕಾಲಕ್ಕೆ ಕ್ಲಿಫರ್ಡ್ ಹಿರೀಕನಾಗಿದ್ದ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಇಳಿದ ಬೆನ್ನಿಗೆ, 1980ರ ಜನವರಿ ಕೊನೆಯಲ್ಲಿ, ಆಗಷ್ಟೇ ಮತ್ತೆ ಪ್ರಧಾನಿಯಾಗಿದ್ದ ಇಂದಿರಾ ಗಾಂಧಿಯವರನ್ನು ಕಾಣಲು ಕಾರ್ಟರ್ ಅವನನ್ನು ದೆಹಲಿಗೆ ಕಳಿಸಿದ. ಪಾಕಿಸ್ತಾನಕ್ಕೆ ಅಮೆರಿಕ ಕೊಡಲಿರುವ ಶಸ್ತ್ರಗಳ ಬಗ್ಗೆ ಭಾರತದ ಆತಂಕ ಕಡಿಮೆ ಮಾಡುವುದು ಅವನ ಕೆಲಸ. ಆದರೆ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಬೇರೆ ಮಾತು. ಸೋವಿಯತ್ತರು ಪರ್ಷಿಯನ್ ಕೊಲ್ಲಿಯ ಕಡೆ ಹೊರಟರೆ ಯುದ್ಧವೇ ಸರಿ ಎಂದು ದೆಹಲಿಯಲ್ಲಿ ನಿಂತು ಹೇಳಿದ್ದ.

ಆ ಹೊತ್ತಿಗೆ ಅವನ ಬಳಿ ಉಪಖಂಡದ್ದೇ ಇನ್ನೊಂದು ಕಡತವಿತ್ತು. ಕಾರ್ಟರ್‌ನ ಬಜೆಟ್ ನಿರ್ದೇಶಕ ಬರ್ಟ್ ಲ್ಯಾನ್ಸ್ ತನ್ನ ಹಳೆಯ ಬ್ಯಾಂಕ್ ವ್ಯವಹಾರಗಳ ಕಾರಣ 1977ರಲ್ಲಿ ರಾಜೀನಾಮೆ ಕೊಟ್ಟಾಗ ಅವನ ವಕೀಲ ಕ್ಲಿಫರ್ಡ್. ಆ ಲ್ಯಾನ್ಸ್ ಮೂಲಕವೇ ಪರಿಚಯವಾದವನು ಆಘಾ ಹಸನ್ ಅಬೇದಿ. ಲಕ್ನೋ ಸೀಮೆಯ ಮಹ್ಮೂದಾಬಾದಿನಲ್ಲಿ ಹುಟ್ಟಿ, ಮುಂಬಯಿಯ ಹಬೀಬ್ ಬ್ಯಾಂಕಿನಲ್ಲಿ ಕೆಲಸ ಕಲಿತು, ದೇಶ ಒಡೆದ ಮೇಲೆ ಪಾಕಿಸ್ತಾನಕ್ಕೆ ಹೋಗಿ ಯುನೈಟೆಡ್ ಬ್ಯಾಂಕ್ ಕಟ್ಟಿದವನು. 1972ರಲ್ಲಿ ಅಬುಧಾಬಿಯ ದೊರೆಯ ಹಣದಿಂದ ಬ್ಯಾಂಕ್ ಆಫ್ ಕ್ರೆಡಿಟ್ ಅಂಡ್ ಕಾಮರ್ಸ್ ಇಂಟರ್‌ನ್ಯಾಷನಲ್ ಸ್ಥಾಪಿಸಿದ. ಚುಟುಕಾಗಿ ಬಿಸಿಸಿಐ, ನಮ್ಮ ಕ್ರಿಕೆಟ್ ಮಂಡಳಿಗೂ ಇದಕ್ಕೂ ಸಂಬಂಧವಿಲ್ಲ. ನೋಂದಣಿ ಲಕ್ಸೆಂಬರ್ಗಿನಲ್ಲಿ, ಕಾರುಬಾರು ಲಂಡನ್ನಿನಲ್ಲಿ, ಗುಟ್ಟಿನ ಲೆಕ್ಕ ಕೇಮನ್ ದ್ವೀಪಗಳಲ್ಲಿ. ಯಾವ ಒಂದು ದೇಶದ ನಿಯಂತ್ರಕರಿಗೂ ಇಡೀ ಬ್ಯಾಂಕು ಕಾಣಬಾರದೆಂಬಂತೆ ಅದನ್ನು ಕಟ್ಟಲಾಗಿತ್ತು.

ಅಬೇದಿಗೆ ಅಮೆರಿಕದಲ್ಲಿ ಬ್ಯಾಂಕು ಬೇಕಿತ್ತು. ಇಂಥ ಬ್ಯಾಂಕಿಗೆ ಅಲ್ಲಿ ಅನುಮತಿ ಸಿಗುವುದು ಕಷ್ಟವಿತ್ತು. ಆಗ ಸೌದಿ ಬೇಹುಗಾರಿಕೆಯ ಮಾಜಿ ಮುಖ್ಯಸ್ಥ ಕಮಾಲ್ ಅದಮ್ ಮತ್ತಿತರ ಅರಬ್ ಶ್ರೀಮಂತರು ವಾಷಿಂಗ್ಟನ್ನಿನ ಫೈನಾನ್ಶಿಯಲ್ ಜನರಲ್ ಬ್ಯಾಂಕ್‌ಷೇರ್ಸ್ ಸಂಸ್ಥೆಯನ್ನು ಕೊಳ್ಳಲು ಮುಂದೆ ಬಂದರು. ಅವರ ವಕೀಲ ಕ್ಲಿಫರ್ಡ್. ನಮ್ಮ ರಿಸರ್ವ್ ಬ್ಯಾಂಕಿನಂಥ ಫೆಡರಲ್ ರಿಸರ್ವ್ 1981ರ ಏಪ್ರಿಲ್ 23ರಂದು ವಿಚಾರಣೆ ನಡೆಸಿತು. ಕೊಳ್ಳುವವರು ಸ್ವಂತ ಹಣದಿಂದ ಕೊಳ್ಳುತ್ತಿದ್ದಾರೆಯೇ, ಬಿಸಿಸಿಐ ಪಾತ್ರವೇನು ಎಂದು ಅಧಿಕಾರಿಗಳು ಕೇಳಿಯೇ ಕೇಳಿದರು. ಬಿಸಿಸಿಐಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ, ಮುಂದೆ ಇರುವ ಸಂಬಂಧವೂ ತನಗೆ ತಿಳಿದಿಲ್ಲ ಎಂದ ಕ್ಲಿಫರ್ಡ್. ನಾಲ್ವರು ಅಧ್ಯಕ್ಷರಿಗೆ ಬುದ್ಧಿ ಹೇಳಿದವನ ಮಾತು. ಅನುಮತಿ ಸಿಕ್ಕಿತು.

1982ರಲ್ಲಿ ಕೈಬದಲಾದ ಸಂಸ್ಥೆಗೆ ಫಸ್ಟ್ ಅಮೆರಿಕನ್ ಎಂಬ ಹೊಸ ಹೆಸರು ಬಂತು. ಎಪ್ಪತ್ತೈದು ದಾಟಿದ ಕ್ಲಿಫರ್ಡ್ ಅದರ ಅಧ್ಯಕ್ಷ. ಅವನಿಗಿಂತ ನಲವತ್ತು ವರ್ಷ ಚಿಕ್ಕವನಾದ ಪಾಲುದಾರ ವಕೀಲ ರಾಬರ್ಟ್ ಆಲ್ಟ್‌ಮನ್ ಆಡಳಿತ ನೋಡಿಕೊಂಡ. ಅದೇ ಹೊತ್ತಿಗೆ ಅವರಿಬ್ಬರ ಕಾನೂನು ಕಚೇರಿ ಬಿಸಿಸಿಐಗೂ ವಕೀಲಿಕೆ ಮಾಡುತ್ತಿತ್ತು. 1986ರಲ್ಲಿ ಇಬ್ಬರೂ ಫಸ್ಟ್ ಅಮೆರಿಕನ್‌ನ ಮಾತೃಸಂಸ್ಥೆಯ ಷೇರುಗಳನ್ನು ಕೊಂಡರು; ಅದಕ್ಕೆ ಸಾಲ ಕೊಟ್ಟದ್ದು ಬಿಸಿಸಿಐ. 1988ರಲ್ಲಿ ಒಂದು ಭಾಗ ಮಾರಿ ಇಬ್ಬರೂ ಸೇರಿ ಸುಮಾರು 98 ಲಕ್ಷ ಡಾಲರ್ ಲಾಭ ಮಾಡಿಕೊಂಡರು.

ಅದೇ 1988ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಮಾದಕ ವಸ್ತುಗಳ ಕಪ್ಪುಹಣ ಬಿಳಿ ಮಾಡಿದ ಆರೋಪದ ಮೇಲೆ ಬಿಸಿಸಿಐ ಮೇಲೆ ಮೊಕದ್ದಮೆ ಬಿತ್ತು. 1990ರಲ್ಲಿ ಬ್ಯಾಂಕು ತಪ್ಪೊಪ್ಪಿಕೊಂಡಿತು. ಎಳೆ ಹಿಡಿದು ಹೊರಟ ಮ್ಯಾನ್‌ಹಟನ್‌ನ ಜಿಲ್ಲಾ ಅಟಾರ್ನಿ ರಾಬರ್ಟ್ ಮಾರ್ಗೆಂಥೌ ಮತ್ತು ಸೆನೆಟರ್ ಜಾನ್ ಕೆರಿಯ ತನಿಖಾಧಿಕಾರಿಗಳಿಗೆ ಸಿಕ್ಕಿದ್ದು ಮತ್ತೂ ದೊಡ್ಡದು. ಅರಬ್ ಶ್ರೀಮಂತರು ಬರಿಯ ಬೇನಾಮಿಗಳು. ಷೇರು ಕೊಂಡದ್ದು ಬಿಸಿಸಿಐ ಸಾಲದಿಂದ, ಆ ಸಾಲಕ್ಕೆ ಒತ್ತೆ ಅದೇ ಷೇರು. ಅಮೆರಿಕದ ರಾಜಧಾನಿಯ ಅತಿ ದೊಡ್ಡ ಬ್ಯಾಂಕ್ ಸಮೂಹದ ನಿಜವಾದ ಒಡೆಯ ಬಿಸಿಸಿಐ ಎಂದಾಯಿತು. 1991ರ ಜುಲೈ 5ರಂದು ಹಲವು ದೇಶಗಳ ನಿಯಂತ್ರಕರು ಒಟ್ಟಿಗೆ ಅದರ ಬಾಗಿಲು ಮುಚ್ಚಿಸಿದರು. ಬ್ರಿಟನ್ನಿನಲ್ಲಿ ನೆಲೆಸಿದ್ದ ಭಾರತ, ಪಾಕಿಸ್ತಾನ, ಬಾಂಗ್ಲಾ ಮೂಲದ ಎಷ್ಟೋ ಅಂಗಡಿಕಾರರ ದುಡಿಮೆ ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಮುಂಬಯಿಯಲ್ಲಿದ್ದ ಅದರ ಶಾಖೆಯನ್ನು ಸ್ಟೇಟ್ ಬ್ಯಾಂಕ್ ಆಮೇಲೆ ಒಂದು ಅಂಗಸಂಸ್ಥೆ ಕಟ್ಟಿ ವಹಿಸಿಕೊಳ್ಳಬೇಕಾಯಿತು.

ಮೂರ್ಖನೋ ಲಂಚಕೋರನೋ

ಕಾಲದ ವಿಚಿತ್ರವೆಂದರೆ ಕ್ಲಿಫರ್ಡ್‌ನ ಆತ್ಮಕಥೆ ಹೊರಬಂದದ್ದು ಅದೇ 1991ರಲ್ಲಿ. ರಿಚರ್ಡ್ ಹಾಲ್‌ಬ್ರೂಕ್ ಜತೆಗೂಡಿ ಬರೆದ ಆ ದಪ್ಪ ಪುಸ್ತಕ ಮಾರ್ಷಲ್‌ನನ್ನು ಎದುರಿಸಿದ, ಯುದ್ಧದ ದಿಕ್ಕು ತಿರುಗಿಸಿದ ವೀರನನ್ನು ಓದುಗರ ಮುಂದಿಟ್ಟಿತು. ಅದೇ ತಿಂಗಳುಗಳ ಪತ್ರಿಕೆಗಳು ಬೇರೊಬ್ಬ ಕ್ಲಿಫರ್ಡ್‌ನನ್ನು ತೋರಿಸುತ್ತಿದ್ದವು. ತಾನು ಮೋಸ ಹೋದೆ, ಬಿಸಿಸಿಐ ಒಡೆಯನೆಂದು ತನಗೆ ತಿಳಿದಿರಲಿಲ್ಲ ಎಂಬ ಒಂದೇ ಉತ್ತರಕ್ಕೆ ಅವನು ಅಂಟಿಕೊಂಡ. ಮೂರ್ಖನಂತೆ ಕಾಣಬೇಕು, ಇಲ್ಲವೇ ಲಂಚಕೋರನಂತೆ ಕಾಣಬೇಕು, ತನಗುಳಿದಿರುವ ಆಯ್ಕೆ ಇಷ್ಟೇ ಎಂದು ಪತ್ರಕರ್ತರೆದುರು ಹಲುಬಿದ. ಆಗಸ್ಟಿನಲ್ಲಿ ಬ್ಯಾಂಕಿನ ಹುದ್ದೆ ಬಿಟ್ಟ. ಸೆಪ್ಟೆಂಬರ್ 11ರಂದು ಸಂಸದರ ಸಮಿತಿಯೆದುರು ಗಂಟೆಗಟ್ಟಲೆ ಉತ್ತರಿಸಿದ.

1992ರ ಜುಲೈ 29ರಂದು ನ್ಯೂಯಾರ್ಕಿನಲ್ಲೂ ವಾಷಿಂಗ್ಟನ್ನಿನಲ್ಲೂ ಅವನ ಮೇಲೆ, ಆಲ್ಟ್‌ಮನ್ ಮೇಲೆ ದೋಷಾರೋಪ ದಾಖಲಾಯಿತು. ಷೇರಿನ ಲಾಭ ಲಂಚವೇ ಎಂದರು ನ್ಯೂಯಾರ್ಕಿನವರು. ನಿಯಂತ್ರಕರಿಗೆ ಸುಳ್ಳು ಹೇಳಿದರೆಂದರು ವಾಷಿಂಗ್ಟನ್ನಿನವರು. ಕೆರಿ ಸಮಿತಿಯ ವರದಿ ಕಟುವಾಗಿತ್ತು. ಕೆಲವು ವಿಷಯಗಳಲ್ಲಿ ಈ ವಕೀಲರಿಬ್ಬರೇ ಮೋಸ ಹೋಗಿದ್ದರೂ ಇರಬಹುದು, ಆದರೆ ನಿಯಂತ್ರಕರ ಕಣ್ಣಿಗೆ ಮಣ್ಣೆರಚುವುದರಲ್ಲಿ ಬ್ಯಾಂಕಿನೊಡನೆ ಪಾಲುಗೊಂಡರು ಎಂದಿತು. 1993ರ ಮಾರ್ಚಿನಲ್ಲಿ ಕ್ಲಿಫರ್ಡ್‌ಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ವಿಚಾರಣೆ ಎದುರಿಸಿದವನು ಆಲ್ಟ್‌ಮನ್ ಒಬ್ಬನೇ. ಆಗಸ್ಟಿನಲ್ಲಿ ಜ್ಯೂರಿ ಅವನನ್ನು ಖುಲಾಸೆ ಮಾಡಿತು. ಕ್ಲಿಫರ್ಡ್ ಮೇಲಿನ ಮೊಕದ್ದಮೆಗಳನ್ನೂ ಹಿಂದಕ್ಕೆ ಪಡೆಯಲಾಯಿತು. 1998ರಲ್ಲಿ ಇಬ್ಬರೂ ಫೆಡರಲ್ ರಿಸರ್ವ್ ಹೂಡಿದ್ದ ಸಿವಿಲ್ ವ್ಯಾಜ್ಯವನ್ನು 50 ಲಕ್ಷ ಡಾಲರಿಗೆ ಬಗೆಹರಿಸಿಕೊಂಡರು. ಅದೇ ವರ್ಷದ ಅಕ್ಟೋಬರ್ 10ರಂದು ತೊಂಬತ್ತೊಂದನೆಯ ವಯಸ್ಸಿನಲ್ಲಿ ಕ್ಲಿಫರ್ಡ್ ತೀರಿಕೊಂಡ.

ಯಾವ ಕೋರ್ಟೂ ಅವನನ್ನು ಅಪರಾಧಿ ಎನ್ನಲಿಲ್ಲ. ಆದರೆ 1968ರ ಮಾರ್ಚನ್ನೂ 1981ರ ಏಪ್ರಿಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅವನ ರಕ್ಷಣೆಗೆ ನಿಂತ ‘ಗೊತ್ತಿರಲಿಲ್ಲ’ ಎಂಬ ಮಾತು ಸಡಿಲವಾಗುತ್ತದೆ. ಪೆಂಟಗನ್ನಿನಲ್ಲಿ ಜನರಲ್‌ಗಳು ಕೊಟ್ಟ ಅಂಕಿ ಅಂಶ ನಂಬದೆ, ಮತ್ತೆ ಮತ್ತೆ ಕೇಳಿ, ಬೇಡದ ಉತ್ತರ ಬಂದರೂ ಬಿಡದೆ ಸತ್ಯ ಹೊರಗೆಳೆದವನು ಅವನೇ. ಒಂದು ಬ್ಯಾಂಕನ್ನು ಹತ್ತು ವರ್ಷ ನಡೆಸುತ್ತ, ಅದರ ಒಡೆಯರ ಹಣ ಎಲ್ಲಿಂದ ಬಂತೆಂದು ಅಂಥವನು ಕೇಳಲಿಲ್ಲ. ತನಗೇ ಸಾಲ ಕೊಟ್ಟ ಬ್ಯಾಂಕು ಬೇರೆಯವರಿಗೂ ಅದೇ ಷೇರಿಗೆ ಸಾಲ ಕೊಟ್ಟಿರಬಹುದೇ ಎಂದು ಯೋಚಿಸಲಿಲ್ಲ. ಕೇಳುವ ಕಲೆ ಮರೆತಿರಲಾರ. ಪೆಂಟಗನ್ನಿನಲ್ಲಿ ಕೇಳಿದ್ದರಿಂದ ಅವನಿಗೆ ಸ್ವಂತ ನಷ್ಟವಿರಲಿಲ್ಲ. ಫಸ್ಟ್ ಅಮೆರಿಕನ್‌ನಲ್ಲಿ ಕೇಳಿದ್ದರೆ ಇತ್ತು.

ದೋಷ ಅವನೊಬ್ಬನದಲ್ಲ. ಫೆಡರಲ್ ರಿಸರ್ವಿನ ಅಧಿಕಾರಿಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಉತ್ತರ ಕೊಟ್ಟವನು ಕ್ಲಿಫರ್ಡ್ ಆದ್ದರಿಂದ ಅದರ ಹಿಂದಿನ ಸಾಲಪತ್ರಗಳನ್ನು ತೆಗೆಸಿ ನೋಡುವವರೆಗೆ ಹೋಗಲಿಲ್ಲ. ಪ್ರಭಾವ ಮಾರುವುದಿಲ್ಲ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವನಿಂದ ಅಬೇದಿ ಕೊಂಡದ್ದು ಅದಕ್ಕಿಂತ ಬೆಲೆಬಾಳುವ ವಸ್ತು, ವಿಶ್ವಾಸಾರ್ಹತೆ. 1991ರ ಡಿಸೆಂಬರಿನಲ್ಲಿ ಅಮೆರಿಕ ವಿದೇಶಿ ಬ್ಯಾಂಕುಗಳ ಉಸ್ತುವಾರಿಗೆ ಹೊಸ ಕಾಯ್ದೆ ತಂದಿತು. ತಾಯ್ನಾಡಿನಲ್ಲಿ ಇಡೀ ಬ್ಯಾಂಕಿನ ಮೇಲೆ ಒಂದು ನಿಯಂತ್ರಣ ಸಂಸ್ಥೆಯ ಕಣ್ಣಿರಬೇಕು, ಅಮೆರಿಕದಲ್ಲಿ ಕಚೇರಿ ತೆರೆಯಲು ಫೆಡರಲ್ ರಿಸರ್ವಿನ ಒಪ್ಪಿಗೆ ಬೇಕು, ಕೇಳಿದ ದಾಖಲೆ ಕೊಡಬೇಕು ಎಂದು ಅದು ವಿಧಿಸಿತು. ಹತ್ತು ವರ್ಷ ಹಿಂದೆ ಅಷ್ಟೆಲ್ಲ ಕೆಲಸವನ್ನು ಒಬ್ಬ ಗಣ್ಯ ವಕೀಲನ ಮಾತಿಗೆ ಬಿಟ್ಟುಕೊಟ್ಟಿದ್ದರು.